ಬಣ್ಣ ಮೆತ್ತಿದ ಚಿಲಕ

೨೦೦೬ರಲ್ಲಿ ನಾನು ಮಾಗಡಿ ರಸ್ತೆಯ ಪಕ್ಕದ ಒಂದು ಪೊಲೀಸ್ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಆಗ ನನಗೆ ಇಪ್ಪತ್ತೇಳು ವರ್ಷ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನೇರ ನೇಮಕಾತಿಯಲ್ಲಿ ಆಯ್ಕೆಯಾಗಿ, ತರಬೇತಿಯ ನಂತರ ಠಾಣೆಗೆ ಬಂದು ಎರಡು ವರ್ಷ ಆಗಿತ್ತು. ಕಾಮಾಕ್ಷಿಪಾಳ್ಯದ ಒಂದು ಭಾಗ ಮತ್ತು ಸುಂಕದಕಟ್ಟೆ ನಮ್ಮ ಸರಹದ್ದಿಗೆ ಸೇರಿದ್ದವು. ಅಧಿಕಾರಿಗಳ ಪೈಕಿ ಹೆಂಗಸು ನಾನೊಬ್ಬಳೇ. ಹಾಗಾಗಿ ಸತ್ತವರು ಹೆಂಗಸು ಎಂದು ಕರೆ ಬಂದರೆ ಇನ್ಸ್‌ಪೆಕ್ಟರು ನನ್ನನ್ನೇ ಕಳಿಸುತ್ತಿದ್ದರು. ಅದು ನಿಯಮವಲ್ಲ, ನಮ್ಮ ಠಾಣೆಯ ಪದ್ಧತಿ.

ವಾಸ ಬಸವೇಶ್ವರನಗರದ ಒಂದು ಮನೆಯ ಮೇಲಿನ ಪೋರ್ಷನ್‌ನಲ್ಲಿ, ಒಬ್ಬಳೇ. ಬಾಡಿಗೆಗೆ ಹೋದ ಮೊದಲ ವಾರವೇ ಸೀಲಿಂಗ್ ಫ್ಯಾನ್ ಬಿಚ್ಚಿಸಿ ಟೇಬಲ್ ಫ್ಯಾನ್ ತಂದಿಟ್ಟುಕೊಂಡಿದ್ದೆ. ಕೆಳಗಿನ ಮನೆಯ ಓನರ್ ಆಂಟಿ, "ಚೆನ್ನಾಗೇ ತಿರುಗ್ತಿತ್ತಲ್ಲಮ್ಮ, ಯಾಕೆ ಬಿಚ್ಚಿಸಿದ್ರಿ?" ಎಂದು ಕೇಳಿದರು. "ಶಬ್ದ ಬರುತ್ತೆ ಆಂಟಿ" ಎಂದೆ. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಯೂನಿಫಾರ್ಮ್ ಇಲ್ಲದೆ ದೂರದ ಒಂದು ಕ್ಲಿನಿಕ್ಕಿಗೆ ಹೋಗಿ, ಟೀಚರ್ ಎಂದು ಹೇಳಿಕೊಂಡು, ಮಾತ್ರೆ ಬರೆಸಿಕೊಂಡು ಬರುತ್ತಿದ್ದೆ. ಕಾರಣ ಹಳೆಯದು. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ನನ್ನ ಅಕ್ಕ ನಮ್ಮ ಮನೆಯಲ್ಲೇ ನೇಣು ಹಾಕಿಕೊಂಡಿದ್ದಳು. ಮೊದಲು ನೋಡಿದವಳು ನಾನು. ಇಲಾಖೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಈ ಪ್ರಕರಣಕ್ಕೆ ಸಂಬಂಧವಿಲ್ಲದಿದ್ದರೆ ಇಲ್ಲಿಯೂ ಅದನ್ನು ಬರೆಯುತ್ತಿರಲಿಲ್ಲ.

ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಮಹಾಂತೇಶ ಎಂಬ ಮೂವತ್ತು ವರ್ಷದ ಗಂಡಸು ಠಾಣೆಗೆ ಬಂದ. ಬಾಗಲಕೋಟೆ ಕಡೆಯವನು. ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪ್‌ನಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಸುಂಕದಕಟ್ಟೆಯ ಮನೆಗೆ ಬಂದಾಗ ಬಾಗಿಲು ಒಳಗಿನಿಂದ ಹಾಕಿತ್ತು, ಕೂಗಿದರೂ ಉತ್ತರ ಬರಲಿಲ್ಲ, ಒದ್ದು ತೆಗೆದು ನೋಡಿದರೆ ಹೆಂಡತಿ ರೇಣುಕಾ ನೇಣು ಹಾಕಿಕೊಂಡಿದ್ದಾಳೆ, ತಾನು ಏನನ್ನೂ ಮುಟ್ಟದೆ ನೇರವಾಗಿ ಇಲ್ಲಿಗೆ ಬಂದೆ ಎಂದ. ರೇಣುಕಾಗೆ ಇಪ್ಪತ್ತಾರು ವರ್ಷ. ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆ ಪರೀಕ್ಷಿಸುವ ಚೆಕ್ಕರ್ ಆಗಿದ್ದಳು. ಆರು ವರ್ಷದ ಮಗಳು ಭಾಗ್ಯ ಹಿಂದಿನ ದಿನದಿಂದ ಕೆಂಗೇರಿಯಲ್ಲಿ, ಅವನ ಅಕ್ಕನ ಮನೆಯಲ್ಲಿ ಇದ್ದಳು.

ಇಂಥ ಸಾವು ವರದಿಯಾದಾಗ ಅಸಹಜ ಸಾವು ಎಂದು ದಾಖಲಿಸಿ, ಸ್ಥಳಕ್ಕೆ ಹೋಗಿ, ಶವವನ್ನೂ ಕೋಣೆಯನ್ನೂ ಇಬ್ಬರು ಸಾಕ್ಷಿಗಳ ಎದುರಿಗೆ ಪರಿಶೀಲಿಸಿ, ಕಂಡದ್ದನ್ನು ಕಂಡಂತೆ ಬರೆಯಬೇಕು. ಇದಕ್ಕೆ ಶವ ಪಂಚನಾಮೆ ಎನ್ನುತ್ತಾರೆ. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಸತ್ತರೆ ತಹಸೀಲ್ದಾರರು ಬಂದು ಇದನ್ನು ಮಾಡುತ್ತಾರೆ. ರೇಣುಕಾಳ ಮದುವೆಯಾಗಿ ಎಂಟು ವರ್ಷ ಆಗಿತ್ತು. ಆದ್ದರಿಂದ ಕೆಲಸ ನನ್ನ ಪಾಲಿಗೆ ಬಂತು.

ಸಾಲಾಗಿ ನಾಲ್ಕು ಪೋರ್ಷನ್‌ಗಳು, ಎದುರಿಗೆ ಸಂಪ್, ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದು ಶೌಚಾಲಯ. ಮೂರನೆಯ ಬಾಗಿಲು ತೆರೆದಿತ್ತು. ಅದರ ಕೆಳಗಿನ ಹಲಗೆ ಸೀಳಿತ್ತು. ನಾನು ಹೊಸ್ತಿಲವರೆಗೆ ಹೋದೆ. ನೆಲದಿಂದ ಒಂದು ಗೇಣು ಮೇಲೆ ಎರಡು ಪಾದಗಳು ಕಂಡವು. ಎಡಗಾಲಿನ ಕಾಲುಂಗುರ ಸವೆದು ತೆಳ್ಳಗಾಗಿತ್ತು. ಅಷ್ಟನ್ನು ನೋಡಿದೆ. ತಲೆ ಎತ್ತಲಿಲ್ಲ. ತಿರುಗಿ ಬಂದು ಸಂಪಿನ ಬಳಿ ನಿಂತೆ.

ನನ್ನ ಜೊತೆ ಬಂದಿದ್ದವರು ಹೆಡ್ ಕಾನ್‌ಸ್ಟೇಬಲ್ ಗಂಗಾಧರಯ್ಯ. ಠಾಣೆಯ ಬರವಣಿಗೆಯೆಲ್ಲ ಅವರದೇ. ಅಂಥವರನ್ನು ರೈಟರ್ ಎಂದು ಕರೆಯುತ್ತೇವೆ. ಇಪ್ಪತ್ತೆಂಟು ವರ್ಷ ಸರ್ವೀಸ್ ಆಗಿತ್ತು, ಕೈಬರಹ ಅಚ್ಚು ಹಾಕಿದಂತೆ.

"ಯಾಕೆ ಮೇಡಂ, ಹುಷಾರಿಲ್ವಾ?"

"ತಿಂಡಿ ತಿಂದಿಲ್ಲ."

"ಇಲ್ಲೇ ಕೂತ್ಕೊಳ್ಳಿ ನೀವು. ಇಂಥವು ಎಷ್ಟು ಬರ್ದಿಲ್ಲ ನಾನು. ಕಣ್ಮುಚ್ಕೊಂಡು ಬರೀತೀನಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಪಕ್ಕದ ಪೋರ್ಷನ್‌ನವರಿಂದ ಸ್ಟೂಲ್ ತರಿಸಿ ನನ್ನನ್ನು ಕೂರಿಸಿದರು. ಫೋಟೋ ತೆಗೆಯಲು ಹತ್ತಿರದ ಸ್ಟುಡಿಯೋದಿಂದ ಬಾಷಾ ಬಂದ. ಆಗಿನ್ನೂ ನಮ್ಮಲ್ಲಿ ಡಿಜಿಟಲ್ ಕ್ಯಾಮೆರಾ ಇರಲಿಲ್ಲ, ಅವನೇ ಫಿಲ್ಮ್ ರೋಲ್ ಹಾಕಿ ತೆಗೆದು ಪ್ರಿಂಟ್ ಕೊಡುತ್ತಿದ್ದ. ಒಂದೂವರೆ ಗಂಟೆಯ ನಂತರ ಗಂಗಾಧರಯ್ಯ ಕಾರ್ಬನ್ ಹಾಕಿ ಬರೆದ ಹಾಳೆಗಳನ್ನು ತಂದು ನನ್ನ ಮೊಣಕಾಲ ಮೇಲಿಟ್ಟರು. ಮೊದಲ ಪುಟದ ನಾಲ್ಕನೆಯ ಸಾಲು ಹೀಗಿತ್ತು: "ಸದರಿ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದು, ಅದನ್ನು ಬಲವಂತವಾಗಿ ತೆಗೆದಿರುವುದು ಕಂಡುಬರುತ್ತದೆ." ಸಾಕ್ಷಿಗಳ ಸಹಿಯ ಕೆಳಗೆ ನಾನೂ ಸಹಿ ಹಾಕಿದೆ. ಓದದೆ ಹಾಕಿದೆ ಎಂದರೆ ತಪ್ಪಾಗುತ್ತದೆ, ಓದಿದೆ. ನೋಡದೆ ಹಾಕಿದೆ.

ರೇಣುಕಾಳ ತಾಯಿ ನೀಲವ್ವ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂದಿಳಿದರು. ವಿಧವೆ, ಮಗಳು ಒಬ್ಬಳೇ. ಶವಾಗಾರದ ಎದುರಿನ ಕಟ್ಟೆಯ ಮೇಲೆ ಕೂತಿದ್ದರು. ಅವತ್ತೇ ಅವರ ಕುಲದ ಪದ್ಧತಿಯಂತೆ ಮಣ್ಣು ಮಾಡಿದರು. ನೀಲವ್ವನ ಹೇಳಿಕೆ ಬರೆದುಕೊಳ್ಳುವುದು ಬಾಕಿ ಉಳಿಯಿತು. ಕುತ್ತಿಗೆ ಬಿಗಿದು ಉಸಿರುಗಟ್ಟಿದ ಸಾವು, ನೇಣಿಗೆ ಹೊಂದುತ್ತದೆ ಎಂದು ಮರಣೋತ್ತರ ಪರೀಕ್ಷೆಯ ವರದಿ ಬಂತು. ಕಡತ ಮುಚ್ಚಲು ಒಂದೇ ಕಾಗದ ಕಡಿಮೆ ಇತ್ತು.

ನವೆಂಬರ್‌ನಲ್ಲಿ ನೀಲವ್ವ ತಾವಾಗಿಯೇ ಠಾಣೆಗೆ ಬಂದರು. ಅಳಿಯ ಸಂಬಂಧದಲ್ಲೇ ಇನ್ನೊಂದು ಮದುವೆ ಗೊತ್ತು ಮಾಡಿಕೊಂಡಿದ್ದಾನೆ, ಮೊಮ್ಮಗಳನ್ನು ನೋಡಲು ಬಿಡುತ್ತಿಲ್ಲ ಎಂದರು.

"ಅಕೀನ್ನ ನನಗ ಕೊಡಸ್ರೀ ಯವ್ವಾ. ಅಂವಾ ಬೇಕಾದ್ದು ಮಾಡ್ಕೊಳ್ಳಲಿ. ಕೂಸ ನನಗಿರಲಿ."

ಮಗು ತಂದೆಯ ಬಳಿ ಇರುವಾಗ ಪೊಲೀಸರು ಏನೂ ಮಾಡಲಾಗದು, ಕೋರ್ಟಿಗೆ ಹೋಗಬೇಕು ಎಂದು ಹೇಳಿದೆ. ಹೇಗೂ ಬಂದಿದ್ದಾರಲ್ಲ ಎಂದು ಬಾಕಿ ಉಳಿದ ಹೇಳಿಕೆ ತೆಗೆದುಕೊಳ್ಳಲು ಕೂತೆ. ಓದು ಬಾರದವರ ಹೇಳಿಕೆಯ ಕೊನೆಗೆ "ಓದಿಸಿ ಕೇಳಿದೆ, ಸರಿಯಾಗಿದೆ" ಎಂಬ ಸಾಲು ಬರೆದು ಹೆಬ್ಬೆಟ್ಟು ಹಾಕಿಸುವುದು ಕ್ರಮ. ಬಹುತೇಕ ಸಲ ಯಾರೂ ಓದಿ ಹೇಳುವುದಿಲ್ಲ. ಆ ದಿನ ಗಂಗಾಧರಯ್ಯ ರಜೆಯಲ್ಲಿದ್ದರು. ನಾನೇ ಬರೆದು, ನಾನೇ ಓದಿದೆ. ಪಂಚನಾಮೆಯಿಂದ ಹೇಳಿಕೆಗೆ ಇಳಿಸಿಕೊಂಡಿದ್ದ ಚಿಲಕದ ಸಾಲು ಬಂದಾಗ ನೀಲವ್ವ ಕೈ ಅಡ್ಡ ಹಿಡಿದರು.

"ಯಾ ಚಿಲಕರೀ?"

"ಮನೆ ಬಾಗಿಲಿನ ಚಿಲಕ. ಒಳಗಿನಿಂದ ಹಾಕಿಕೊಂಡಿದ್ದಳು."

"ಆ ಬಾಗಲದ ಚಿಲಕ ಬೀಳಂಗಿಲ್ರೀ. ಬಣ್ಣ ಮೆತ್ತಿ ಗಟ್ಟಿಯಾಗಿ ಕುಂತೈತಿ. ಯುಗಾದಿ ಮುಂದ ನಾ ಬಂದು ಹದಿನೈದ ದಿನ ಇದ್ದೆ. ರಾತ್ರಿ ಎರಡು ಕೊಡ ನೀರು ತುಂಬಿ ಬಾಗಲಕ ಆನಿಸಿ ಮಲಗ್ತಿದ್ವಿ. ಅಂವಾ ರಾತ್ರಿಪಾಳಿಗೆ ಹೋದ್ರ ದಿನಾ ಅದ ಕೆಲಸ. ನಾ ಅಂದಿದ್ದೆ, ಮಾಲಕಗ ಹೇಳು, ರಿಪೇರಿ ಮಾಡ್ಸು ಅಂತ. ನೀರಿಗೇನ ಬರ ಐತೇನಬೇ ಅಂತ ನಕ್ಕಿದ್ಲು."

ನಾನು ಪೆನ್ ಕೆಳಗಿಟ್ಟು ಕಡತದಿಂದ ಪಂಚನಾಮೆ ತೆಗೆದೆ. ಎರಡನೆಯ ಪುಟದಲ್ಲಿ ಕೋಣೆಯ ಸಾಮಾನುಗಳ ಪಟ್ಟಿ ಇತ್ತು. "ಪ್ಲಾಸ್ಟಿಕ್ ಕೊಡಗಳು ನಾಲ್ಕು, ನೀರು ತುಂಬಿದ್ದು, ಅಡುಗೆ ಕಟ್ಟೆಯ ಕೆಳಗೆ ಸಾಲಾಗಿ." ಸಾಮಾನುಗಳನ್ನು ಗಂಗಾಧರಯ್ಯ ನಿಜಕ್ಕೂ ನೋಡಿ ಬರೆದಿದ್ದರು. ಬಾಗಿಲ ವಿಷಯ ಮಾತ್ರ ಗಂಡ ಹೇಳಿದ್ದು, ಪ್ರತಿ ನೇಣಿನ ಪಂಚನಾಮೆಯಲ್ಲೂ ಕೈ ತಾನೇ ಬರೆಯುವ ಸಾಲು. ಆ ರಾತ್ರಿ ಕೊಡಗಳು ಬಾಗಿಲಿಗೆ ಆನಿಕೊಂಡಿರಲಿಲ್ಲ. ಅಂದರೆ ಅವಳು ಆ ರಾತ್ರಿ ಮನೆಯಲ್ಲಿ ಒಬ್ಬಳೇ ಇರಲಿಲ್ಲ. ಅವನು ಬಂದಿದ್ದಿರಬೇಕು.

ಸಂಜೆಯೇ ಸುಂಕದಕಟ್ಟೆಗೆ ಹೋದೆ. ಬಾಗಿಲು ಹೊಸದಾಗಿತ್ತು. ಮಾಲೀಕ ಕೆಂಪಯ್ಯ ಸಂಕೋಚಪಟ್ಟರು.

"ಸೀಳೋಗಿತ್ತಲ್ಲ ಮೇಡಂ, ಅದೂ ಅಲ್ದೆ ಸಾವಾದ ಮನೆ, ಬಾಡಿಗೆಗೆ ಯಾರೂ ಬರಲ್ಲ ಅಂತ ಬದಲಾಯಿಸ್ದೆ."

"ಹಳೇ ಬಾಗಿಲು?"

"ನೀರೊಲೆಗೆ ಹಾಕ್ಬಿಟ್ವಿ."

"ಅದಕ್ಕೆ ಚಿಲಕ ಬೀಳ್ತಿತ್ತಾ?"

ಅವರು ತಲೆ ಕೆರೆದುಕೊಂಡರು. "ಹೋದ ವರ್ಷ ಬಣ್ಣ ಹೊಡೆಯೋನು ಚಿಲಕದ ಮೇಲೂ ಎರಡು ಕೋಟು ಬಳಿದ್ಬಿಟ್ಟ. ಆ ಹುಡುಗಿ ಎರಡ್ಮೂರು ಸಲ ಹೇಳಿತ್ತು. ನಾಳೆ ನಾಳೆ ಅಂತ ನಾನೇ ಬಿಟ್ಟೆ."

ಮಾಲೀಕರ ಮಾತೊಂದೇ ಸಾಲದು. ಬಾಗಿಲು ಸುಟ್ಟು ಬೂದಿಯಾಗಿತ್ತು. ಮರುದಿನ ಬಾಷಾನ ಸ್ಟುಡಿಯೋಗೆ ಹೋದೆ. ಕಡತದಲ್ಲಿದ್ದದ್ದು ಆರು ಫೋಟೋ, ಒಂದರಲ್ಲೂ ಬಾಗಿಲ ಒಳಬದಿ ಇರಲಿಲ್ಲ.

"ಆರೇ ಸಾಕು ಅಂದ್ರು ರೈಟರ್ ಸಾರ್. ನಾನು ಹನ್ನೊಂದು ಹೊಡೆದಿದ್ದೆ. ನೆಗೆಟಿವ್ ಬಿಸಾಕಲ್ಲ ಮೇಡಂ ನಾನು, ನಮ್ಮಪ್ಪ ಹೊಡೆದ ಮದುವೆದೂ ಇಟ್ಕೊಂಡಿದೀನಿ. ಗಂಡ ಹೆಂಡ್ತಿ ಬಿಟ್ಟೋದ್ರು, ನೆಗೆಟಿವ್ ಇದೆ."

ಅವನು ಬಿಸ್ಕತ್ತಿನ ಡಬ್ಬಿಯೊಂದರಿಂದ ಕವರ್ ಹುಡುಕಿ ತೆಗೆದ. ಒಂಬತ್ತನೆಯ ನೆಗೆಟಿವ್‌ನಲ್ಲಿ, ಕೋಣೆಯೊಳಗಿನಿಂದ ಹೊರಗೆ ನೋಡಿದಂತೆ, ತೆರೆದ ಬಾಗಿಲ ಒಳಬದಿ ಇತ್ತು. ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿದೆ. ಹಸಿರು ಎಣ್ಣೆಬಣ್ಣ. ಚಿಲಕ ಹಿಂದಕ್ಕೆ ಸರಿದ ಸ್ಥಿತಿಯಲ್ಲೇ ಇತ್ತು. ಅದರ ಮೇಲೂ ಹಲಗೆಯ ಮೇಲೂ ಬಣ್ಣ ಒಂದೇ ಪದರವಾಗಿ ಹರಿದಿತ್ತು. ಎಲ್ಲೂ ಬಿರುಕಿರಲಿಲ್ಲ. ಅದೇ ಫೋಟೋದಲ್ಲಿ, ಬಾಗಿಲಾಚೆ, ಸಂಪಿನ ಪಕ್ಕ ಸ್ಟೂಲ್ ಮೇಲೆ ಕೋಣೆಗೆ ಬೆನ್ನು ಹಾಕಿ ಕೂತ ಖಾಕಿ ಸಮವಸ್ತ್ರದ ಹೆಂಗಸೊಬ್ಬಳಿದ್ದಳು.

ಆಮೇಲಿನದು ಬೇಗ ಬಿಚ್ಚಿಕೊಂಡಿತು. ಲೇತ್ ವರ್ಕ್‌ಶಾಪಿನ ಮಾಲೀಕರು, ಆ ಬುಧವಾರ ರಾತ್ರಿ ಕರೆಂಟ್ ಹೋಗಿ ವಾಪಸ್ ಬರದೆ ಹನ್ನೊಂದು ಗಂಟೆಗೇ ಎಲ್ಲರನ್ನೂ ಮನೆಗೆ ಕಳಿಸಿದ್ದೆ ಎಂದರು. ಜುಲೈನಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಭಾಗ್ಯಳ ಶಾಲೆ ಸುಂಕದಕಟ್ಟೆಯಲ್ಲಿ. ಮರುದಿನ ಶಾಲೆ ಇದ್ದರೂ ಅವಳನ್ನು ಕೆಂಗೇರಿಗೆ ಬಿಟ್ಟು ಬಂದವನು ಮಹಾಂತೇಶನೇ. ಅದನ್ನೂ ಯಾರೂ ಕೇಳಿರಲಿಲ್ಲ. ಕೊನೆಗೆ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರ ಬಳಿಗೆ ಹೋದೆ. ಅವರು ತಮ್ಮ ವರದಿಯ ಪ್ರತಿಯನ್ನು ನನ್ನ ಕಡೆ ತಿರುಗಿಸಿದರು.

"ಕುತ್ತಿಗೆ ಮೇಲೆ ಎರಡು ಗುರುತು ಅಂತ ಬರೆದಿದೀನಿ ನೋಡಿ. ಒಂದು ಓರೆ, ಒಂದು ಅಡ್ಡ. ಅಡ್ಡ ಗುರುತು ನೇಣಿಂದ ಬರೋದು ಅಪರೂಪ. ಆದ್ರೆ ಬಾಗಿಲು ಒಳಗಿಂದ ಹಾಕಿತ್ತು, ಬೇರೆ ಯಾರೂ ಇರಲಿಲ್ಲ ಅಂತ ಬರೆದು ಕಳಿಸಿದ್ದು ನೀವೇ ಅಲ್ವಾ?"

ನಾನು ನೋಡದೆ ಸಹಿ ಹಾಕಿದ ಒಂದು ಸಾಲು ಅವರ ಕಣ್ಣಿಗೂ ಅಡ್ಡ ನಿಂತಿತ್ತು. ಅವರು ನೋಡಿದ್ದರು, ಬರೆದಿದ್ದರು, ಆದರೂ ನನ್ನ ಸಾಲನ್ನು ನಂಬಿದ್ದರು.

ಎಲ್ಲವನ್ನೂ ಇನ್ಸ್‌ಪೆಕ್ಟರ್ ಮುಂದಿಟ್ಟೆ. ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು. ನನ್ನ ಬೆನ್ನನ್ನೂ ನೋಡಿದ್ದಿರಬೇಕು. ಕೊಲೆ ಎಂದು ಪ್ರಕರಣ ದಾಖಲಾಯಿತು. ನಾನೇ ಸಾಕ್ಷಿಯಾಗುವುದರಿಂದ ತನಿಖೆಯನ್ನು ಅವರು ವಹಿಸಿಕೊಂಡರು. ಮಹಾಂತೇಶನನ್ನು ಕರೆತಂದ ದಿನ ನಾನೂ ಕೋಣೆಯಲ್ಲಿದ್ದೆ. ಬಾಗಿಲ ಬಗ್ಗೆ ಕೇಳಿದಾಗ ಅವನು ಅವರನ್ನು ಬಿಟ್ಟು ನನ್ನನ್ನೇ ನೋಡಿ ಹೇಳಿದ:

"ನೀವ ಬರದೀರಲ್ರೀ ಮೇಡಂ, ಒಳಗಿಂದ ಚಿಲಕ ಹಾಕಿತ್ತಂತ. ನಿಮ್ಮ ಸಹಿ ಐತಿ."

ಅವನ ಧ್ವನಿಯಲ್ಲಿ ಧಿಮಾಕು ಇರಲಿಲ್ಲ. ರಸೀದಿ ತೋರಿಸುವವನ ಹಾಗೆ ಹೇಳಿದ. ಎರಡು ದಿನದ ನಂತರ, ರೇಣುಕಾ ಮಗಳನ್ನು ಕರೆದುಕೊಂಡು ತವರಿಗೆ ಹೋಗಿಬಿಡುತ್ತೇನೆ ಎಂದದ್ದು, ಅವನು ಟವೆಲ್‌ನಿಂದ ಕುತ್ತಿಗೆ ಬಿಗಿದದ್ದು, ಆಮೇಲೆ ನೇಣಿನಂತೆ ಕಾಣುವ ಹಾಗೆ ಮಾಡಿ ಬಾಗಿಲನ್ನು ತಾನೇ ಒದ್ದು ಸೀಳಿದ್ದು, ಎಲ್ಲ ಹೇಳಿದ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ಕಾಗದ, ಮತ್ತು ನಮ್ಮ ಮೊದಲ ಕಾಗದ ಅವನ ಪರವಾಗಿತ್ತು.

ಅವನ ಬಂಧನವಾದ ಮೇಲೆ ಮಗು ತಾತ್ಕಾಲಿಕವಾಗಿ ನೀಲವ್ವನ ಕೈಗೆ ಬಂತು. ಅವನು ಬಿಡುಗಡೆಯಾದರೆ ಭಾಗ್ಯ ಮತ್ತೆ ಅವನ ಮನೆಗೇ ಹೋಗುತ್ತಾಳೆ. ಇದು ನಮಗೆಲ್ಲ ಗೊತ್ತಿತ್ತು.

ಆ ವಾರ ಗಂಗಾಧರಯ್ಯ ನನ್ನ ಟೇಬಲ್ ಬಳಿ ಬಂದು ದನಿ ತಗ್ಗಿಸಿ ಹೇಳಿದರು.

"ಮೇಡಂ, ಒಂದೇ ಹಾಳೆ. ಮೊದಲ್ನೇದು. ಚಿಲಕ ಕೆಲಸ ಮಾಡ್ತಿರ್ಲಿಲ್ಲ ಅಂತ ಬರೆದು ಬದಲಾಯ್ಸಿಬಿಡೋಣ. ಸಾಕ್ಷಿಗಳು ನಮ್ಮೋರೇ. ನಿಜಾನೇ ಬರೀತಿದೀವಲ್ಲ, ಸುಳ್ಳೇನಿಲ್ಲ. ನಿಮ್ಗೂ ತೊಂದ್ರೆ ಇಲ್ಲ, ನಂಗೂ ಇಲ್ಲ, ಆ ನನ್ಮಗ ಒಳಗಿರ್ತಾನೆ."

ಅವರಿಗೆ ನಿವೃತ್ತಿಗೆ ಎರಡೇ ವರ್ಷ ಇತ್ತು. ಆಸೆ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಸ ಹಾಳೆಯಲ್ಲಿ ಹಳೆಯದಕ್ಕಿಂತ ಹೆಚ್ಚು ನಿಜ ಇರುತ್ತಿತ್ತು. ಆದರೆ ಅದರಲ್ಲೂ ನಾನು ಚಿಲಕ ನೋಡಿದೆ ಎಂದೇ ಇರುತ್ತಿತ್ತು, ಮತ್ತು ನಾನು ನೋಡಿರಲಿಲ್ಲ. ಮರುದಿನ ಮೇಲಧಿಕಾರಿಗಳಿಗೆ ಒಂದೂವರೆ ಪುಟದ ವರದಿ ಬರೆದೆ: ನಾನು ಕೋಣೆಯೊಳಗೆ ಹೋಗಲಿಲ್ಲ, ಚಿಲಕವನ್ನು ಪರೀಕ್ಷಿಸಲಿಲ್ಲ, ಸಾಲು ತಪ್ಪು, ಜವಾಬ್ದಾರಿ ನನ್ನದು. ಇನ್ಸ್‌ಪೆಕ್ಟರು ಓದಿ, "ತಲೆ ಮೇಲೆ ನೀವೇ ಕಲ್ಲು ಎಳ್ಕೊಳ್ತಿದೀರ" ಎಂದರು. ಆದರೂ ಷರಾ ಬರೆದು ಮೇಲಕ್ಕೆ ಕಳಿಸಿದರು. ನನಗೆ ಮೆಮೊ ಬಂತು, ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿದರು. ಗಂಗಾಧರಯ್ಯನವರಿಗೆ ಎಚ್ಚರಿಕೆ ಪತ್ರ. ಅವರು ಮೂರು ತಿಂಗಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ವಿಚಾರಣೆ ನಡೆದದ್ದು ೨೦೦೮ರಲ್ಲಿ. ಆರೋಪಿಯ ಪರ ವಕೀಲರ ವಾದ ನಾವು ನಿರೀಕ್ಷಿಸಿದ್ದೇ ಆಗಿತ್ತು. ಮೊದಲ ಪಂಚನಾಮೆಯೇ ನಿಜ, ಉಳಿದದ್ದು ನೀಲವ್ವನ ದೂರಿನ ಮೇಲೆ ಪೊಲೀಸರು ಕಟ್ಟಿದ ಕಥೆ. ಸ್ವಂತ ಸಹಿಯನ್ನೇ ಸುಳ್ಳು ಎನ್ನುವ ಅಧಿಕಾರಿಯನ್ನು ಹೇಗೆ ನಂಬುವುದು? ಹಿಂದಿನ ದಿನ ಸರ್ಕಾರಿ ವಕೀಲರು ನನಗೆ ಹೇಳಿದ್ದರು: "ಒಳಗೆ ಯಾಕೆ ಹೋಗ್ಲಿಲ್ಲ ಅಂತ ಕೇಳೇ ಕೇಳ್ತಾರೆ. ಆರೋಗ್ಯ ಸರಿ ಇರ್ಲಿಲ್ಲ ಅನ್ನಿ, ಸಾಕು." ಆರೋಗ್ಯ ಸರಿಯಿಲ್ಲ ಎಂದರೆ ವೈದ್ಯರ ಚೀಟಿ ಎಲ್ಲಿ ಎಂದು ಕೇಳುತ್ತಾರೆ. ಆ ದಿನ ಬೇರೆ ಕೆಲಸ ಮಾಡಿಲ್ಲವೇ ಎಂದು ಕೇಳುತ್ತಾರೆ. ಮಾಡಿದ್ದೆ.

ಕೇಳಿದರು. ಸಾಕ್ಷಿಕಟ್ಟೆಯಿಂದ ನೀಲವ್ವ ಕಾಣುತ್ತಿದ್ದರು, ಹಿಂದಿನ ಬೆಂಚಿನಲ್ಲಿ, ಸೆರಗಿನ ತುದಿ ಬಾಯಿಗೆ ಹಿಡಿದು.

"ನನ್ನ ಅಕ್ಕ ಹೀಗೇ ತೀರಿಕೊಂಡಿದ್ದಳು. ಮೊದಲು ನೋಡಿದವಳು ನಾನು. ಅವತ್ತು ಹೊಸ್ತಿಲಲ್ಲಿ ಪಾದ ನೋಡಿ ಒಳಗೆ ಹೋಗಲಾಗಲಿಲ್ಲ. ಅದನ್ನು ಯಾರಿಗೂ ಹೇಳಲಾಗದೆ ಸಹಿ ಹಾಕಿದೆ."

ಆರೋಪಿಯ ವಕೀಲರು ಇದಕ್ಕೆ ಸಿದ್ಧರಾಗಿರಲಿಲ್ಲ ಎನಿಸುತ್ತದೆ. ನ್ಯಾಯಾಧೀಶರು ಒಂಬತ್ತನೆಯ ಫೋಟೋ ತರಿಸಿಕೊಂಡು, ಸಂಪಿನ ಬಳಿ ಕೂತಿರುವವರು ನೀವೇ ಏನು ಎಂದು ಕೇಳಿದರು. ಹೌದು ಎಂದೆ. ಅವರು ಅದನ್ನು ಬರೆಸಿದರು.

ಹೊರಗೆ ಕಾರಿಡಾರಿನಲ್ಲಿ ನೀಲವ್ವ ಕಾಯುತ್ತಿದ್ದರು. ಧನ್ಯವಾದದ ಮಾತು ಬರುತ್ತದೆ ಎಂದುಕೊಂಡು, ಅದನ್ನು ತಪ್ಪಿಸಿಕೊಳ್ಳಲು ಬೇಗ ನಡೆದೆ. ಅವರು ತೋಳು ಹಿಡಿದು ನಿಲ್ಲಿಸಿದರು.

"ನಿಮ್ಮ ಅಕ್ಕನ ಬಾಗಲಾ ಯಾರ ನೋಡಿದ್ರು ಯವ್ವಾ?"

ನಮ್ಮ ತಂದೆ ಅಕ್ಕನ ಪಂಚನಾಮೆಯ ಪ್ರತಿಯನ್ನು ಬೀರುವಿನಲ್ಲಿ ಇಟ್ಟಿದ್ದಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಅದನ್ನು ಕದ್ದು ಓದಿದ್ದೆ. ಅದರಲ್ಲೂ ಆ ಸಾಲು ಇದೆ, ಒಳಗಿನಿಂದ ಚಿಲಕ ಹಾಕಿದ್ದು ಎಂದು. ಬರೆದವರು ಯಾರೋ ಬೇರೆ ಠಾಣೆಯ ರೈಟರ್. ಆದರೆ ಆ ಬಾಗಿಲು ತೆಗೆದವಳು ನಾನು. ಅದಕ್ಕೆ ಚಿಲಕ ಹಾಕಿರಲಿಲ್ಲ. ನಾನು ಕಾಲೇಜಿನಿಂದ ನೇರವಾಗಿ ಬಾರದೆ ಗೆಳತಿಯ ಮನೆಯಲ್ಲಿ ಅರ್ಧ ಗಂಟೆ ಕೂತು ಬಂದಿದ್ದೆ. ಆ ಸಾಲು ಸುಳ್ಳು ಎಂದು ಗೊತ್ತಿದ್ದೂ ನಾನು ಯಾರಿಗೂ ಹೇಳಲಿಲ್ಲ. ಚಿಲಕ ಹಾಕಿತ್ತು ಎಂದಿದ್ದರೆ, ನಾನು ಬೇಗ ಬಂದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದಾಗುತ್ತಿತ್ತು. ಮನೆಯವರಿಗೂ ಅದು ಬೇಕಿತ್ತು, ನನಗೂ ಬೇಕಿತ್ತು.

"ನಾನೇ ನೋಡಿದ್ದು ಅಮ್ಮ" ಎಂದೆ. "ಬರೀ ಮುಚ್ಚಿತ್ತು. ತಳ್ಳಿದೆ, ತೆರೆಯಿತು."

ನೀಲವ್ವ ತೋಳು ಬಿಡಲಿಲ್ಲ. ಇಬ್ಬರೂ ಹಾಗೇ ಗೋಡೆಗೆ ಒರಗಿ ನಿಂತೆವು.

ಮಹಾಂತೇಶನಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪಿನಲ್ಲಿ ಪೊಲೀಸರ ಮೊದಲ ಪಂಚನಾಮೆಯ ಬಗ್ಗೆ ಒಂದು ಕಟುವಾದ ಪ್ಯಾರಾ ಇದೆ. ಅದು ಸರಿಯಾಗಿಯೇ ಇದೆ. ಭಾಗ್ಯ ಅಜ್ಜಿಯ ಜೊತೆ ಊರಿನಲ್ಲಿದ್ದಾಳೆ.

ಈಗ ನಾನು ಕೆಂಗೇರಿ ಕಡೆಯ ಒಂದು ಠಾಣೆಯಲ್ಲಿದ್ದೇನೆ. ಹೊಸದಾಗಿ ಬರುವ ಕಾನ್‌ಸ್ಟೇಬಲ್‌ಗಳಿಗೆ ಸ್ಥಳ ಪರಿಶೀಲನೆಯ ಬಗ್ಗೆ ಹೇಳುವಾಗ ನನ್ನ ಬಳಿ ದೊಡ್ಡ ತತ್ವವೇನಿಲ್ಲ. ಒಳಗೆ ಹೋಗಬೇಕು. ತಲೆ ಎತ್ತಿ ನೋಡಬೇಕು. ಚಿಲಕವನ್ನು ಕೈಯಿಂದ ಸರಿಸಿ ನೋಡಬೇಕು. ಆಮೇಲೆ ಪೆನ್ ತೆಗೆಯಬೇಕು. ಒಳಗೆ ಹೋಗಲಾಗದ ದಿನ ಬಂದರೆ, ಆಗುವುದಿಲ್ಲ ಎಂದು ಹೇಳಿ ಬೇರೆಯವರನ್ನು ಕಳಿಸಬೇಕು, ಅದರಲ್ಲಿ ಅವಮಾನವಿಲ್ಲ. ಇಷ್ಟನ್ನು ಹೇಳುತ್ತೇನೆ. ಒಂಬತ್ತನೆಯ ಫೋಟೋದ ಒಂದು ಪ್ರತಿ ನನ್ನ ಟೇಬಲ್ಲಿನ ಡ್ರಾಯರ್‌ನಲ್ಲಿದೆ. ಅದರಲ್ಲಿ ಬೆನ್ನು ಹಾಕಿ ಕೂತಿರುವವರು ಯಾರು ಎಂದು ಯಾರಾದರೂ ಕೇಳಿದರೆ, ಅದನ್ನೂ ಹೇಳುತ್ತೇನೆ.